ಫೋರ್ಟ್ರಾನ್ ಕೋಡ್: ಅನ್ಯಭಾಷೆಗಳಲ್ಲಿ ಬಳಕೆಯ ಇತಿಹಾಸ

ಫೋರ್ಟ್ರಾನ್‌ನಲ್ಲಿ ಬರೆದು ಕಂಪೈಲ್ ಮಾಡಿಟ್ಟ ಕೋಡನ್ನು ಸಿ, ಆರ್, ಪೈಥಾನ್ ಮುಂತಾದ ಭಾಷೆಗಳ ಮಾಡ್ಯೂಲ್‌ಗಳು ಕರೆದು ಬಳಸಿಕೊಳ್ಳುವ ರೂಢಿ ಹಳೆಯದು. ಇದನ್ನು ಪೈಥಾನ್ ಕಾಲದ ಸಂಗತಿಯೆಂದೋ ಫೋರ್ಟ್ರಾನ್ 2003 ಮಾನಕದ ಕೊಡುಗೆಯೆಂದೋ ಹೇಳುವುದುಂಟು, ಎರಡೂ ಸರಿಯಲ್ಲ. ಇಂದಿಗೂ ನಡೆಯುತ್ತಿರುವ ಕಟ್ಟಳೆಗಳು ರೂಪುಗೊಂಡದ್ದು 1978ರ ಸುಮಾರಿಗೆ. ಅವುಗಳಲ್ಲೊಂದನ್ನು ಕಡೆಗಣಿಸಿದ್ದರ ಪರಿಣಾಮ ಸ್ಪಷ್ಟವಾಗಿ ದಾಖಲಾದದ್ದು 2019ರಲ್ಲಿ.

ಐಬಿಎಂ 704 ಗಣಕಕ್ಕೆಂದು ಫೋರ್ಟ್ರಾನ್ ಬಂದದ್ದು 1957ರಲ್ಲಿ. ಮರುವರ್ಷದ ಫೋರ್ಟ್ರಾನ್ 2ರಲ್ಲಿ ಸಬ್‌ರೂಟೀನ್‌ಗಳನ್ನು ಬಿಡಿಬಿಡಿಯಾಗಿ ಕಂಪೈಲ್ ಮಾಡಿ ಆಮೇಲೆ ಜೋಡಿಸಬಹುದಾಯಿತು. ಅಸೆಂಬ್ಲಿಯಲ್ಲಿ ಬರೆದ ತುಣುಕನ್ನೂ ಅವುಗಳ ಜೊತೆ ಸೇರಿಸಬಹುದಿತ್ತು. 1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಮೊದಲಾದ ಎಸ್ ಭಾಷೆಯ ಮೂಲ ಉದ್ದೇಶವೇ ಅಲ್ಲಿನ ಫೋರ್ಟ್ರಾನ್ ಲೈಬ್ರರಿಯನ್ನು ಕೂತಲ್ಲೇ ಬಳಸಲು ಅನುವು ಮಾಡಿಕೊಡುವುದಾಗಿತ್ತು. ಆರ್ ಭಾಷೆ ಇದರ ಕುಡಿ.

ನಿಜವಾದ ತಿರುವು ಯುನಿಕ್ಸ್‌ನ ಎಫ್77 ಕಂಪೈಲರ್. ಬೆಲ್ ಲ್ಯಾಬ್ಸ್‌ನ ಸ್ಟುವರ್ಟ್ ಫೆಲ್ಡ್‌ಮನ್ ಮತ್ತು ಪೀಟರ್ ವೈನ್‌ಬರ್ಗರ್ ಅದರಲ್ಲಿ ಎರಡು ನಿರ್ಧಾರ ಮಾಡಿದರು. ಸಿ ಫಂಕ್ಷನ್‌ಗಳ ಹೆಸರಿನೊಂದಿಗೆ ಗೊಂದಲವಾಗದಂತೆ ಪ್ರತಿ ಫೋರ್ಟ್ರಾನ್ ಹೆಸರಿನ ಕೊನೆಗೂ ಒಂದು ಅಡಿಗೆರೆ ಅಂಟಿಸಿದ್ದು ಮೊದಲನೆಯದು. ಫೋರ್ಟ್ರಾನ್ 77ರಲ್ಲಿ ಹೊಸದಾಗಿ ಸೇರಿದ ಅಕ್ಷರಮಾಲೆಗಳನ್ನು ಕಳಿಸುವಾಗ, ಅವುಗಳ ಉದ್ದವನ್ನು ಉಳಿದೆಲ್ಲ ಆರ್ಗ್ಯುಮೆಂಟ್‌ಗಳ ಹಿಂದೆ ಗುಟ್ಟಾಗಿ ಸೇರಿಸಿದ್ದು ಎರಡನೆಯದು. ಭಾಷೆಯ ಮಾನಕದಲ್ಲಿ ಇವೆರಡರ ಮಾತೇ ಇರಲಿಲ್ಲ. ಹಾಗಾಗಿ ಮುಂದಿನ ಕಂಪೈಲರ್‌ಗಳು ತಮಗೆ ತೋಚಿದಂತೆ ನಡೆದವು: ಹೆಸರಿನೊಳಗೇ ಅಡಿಗೆರೆ ಇದ್ದರೆ ಜಿ77 ಕೊನೆಗೆ ಎರಡು ಅಡಿಗೆರೆ ಹಾಕುತ್ತಿತ್ತು, ಅದರ ಉತ್ತರಾಧಿಕಾರಿ ಜಿಫೋರ್ಟ್ರಾನ್ ಒಂದೇ ಹಾಕಿತು.

ಬ್ಲಾಸ್ (1979), ಲಿನ್‌ಪ್ಯಾಕ್ (1979), ಲ್ಯಾಪ್ಯಾಕ್ (1992) ಇವು ಮಾತೃಕೆ ಲೆಕ್ಕಾಚಾರಕ್ಕೆಂದು ಫೋರ್ಟ್ರಾನ್‌ನಲ್ಲಿ ಬರೆದ ಲೈಬ್ರರಿಗಳು. ಪೈಥಾನ್‌ಗೆ ಸೇತುವೆಯಾದ ಎಫ್2ಪೈ ಉಪಕರಣವನ್ನು ಪಿಯರು ಪೀಟರ್ಸನ್ 1999ರಲ್ಲಿ ಆರಂಭಿಸಿದರು. ಅದು ನಂತರ ಪೈಥಾನ್‌ನ ಸಂಖ್ಯಾ ಲೈಬ್ರರಿ ನಂಪೈಯೊಳಗೆ ಸೇರಿತು. ಫೋರ್ಟ್ರಾನ್ ಮಾತೃಕೆಯನ್ನು ಕಂಬಸಾಲುಗಳಲ್ಲಿ ಜೋಡಿಸಿದರೆ ಸಿ ಅಡ್ಡಸಾಲುಗಳಲ್ಲಿ ಜೋಡಿಸುತ್ತದೆ. ಎಫ್2ಪೈ ಅಗತ್ಯ ಬಿದ್ದಾಗ ಮಾತೃಕೆಯನ್ನು ಸದ್ದಿಲ್ಲದೆ ನಕಲು ಮಾಡಿ ಈ ವ್ಯತ್ಯಾಸವನ್ನು ಸರಿದೂಗಿಸುತ್ತದೆ.

2019ರ ಪ್ರಸಂಗವನ್ನು ಹತ್ತಿರದಿಂದ ನೋಡಬೇಕು. ಸಮೀಕರಣಗಳನ್ನು ಬಿಡಿಸುವ ಲ್ಯಾಪ್ಯಾಕ್‌ನ ಡಿಪಿಒಎಸ್‌ವಿ ರೂಟೀನ್ ಎಂಟು ಆರ್ಗ್ಯುಮೆಂಟ್‌ಗಳನ್ನು ಕೇಳುತ್ತದೆ. ಮೊದಲನೆಯದು ಒಂದೇ ಅಕ್ಷರ: ಮಾತೃಕೆಯ ಮೇಲರ್ಧಕ್ಕೆ 'ಯು', ಕೆಳಗರ್ಧಕ್ಕೆ 'ಎಲ್'. ಕಟ್ಟಳೆಯ ಪ್ರಕಾರ ಒಂಬತ್ತನೆಯದಾಗಿ ಆ ಅಕ್ಷರಮಾಲೆಯ ಉದ್ದ, ಅಂದರೆ 1, ಹೋಗಬೇಕು. ಸಿಯಲ್ಲಿ ಬರೆದ ಎಷ್ಟೋ ಕೋಡ್ ಇದನ್ನು ಕಳಿಸುತ್ತಲೇ ಇರಲಿಲ್ಲ; ಉದ್ದವನ್ನು ಯಾರೂ ಓದದಿದ್ದುದರಿಂದ ದಶಕಗಳ ಕಾಲ ತೊಂದರೆಯೂ ಕಾಣಲಿಲ್ಲ. ಆದರೆ ಡಿಪಿಒಎಸ್‌ವಿ ತನ್ನ ಕೊನೆಯ ಹೆಜ್ಜೆಯಲ್ಲಿ ಡಿಪಿಒಟಿಆರ್‌ಎಸ್ ಎಂಬ ಇನ್ನೊಂದು ರೂಟೀನನ್ನು ಕರೆಯುತ್ತದೆ. ಹೊಸ ಜಿಫೋರ್ಟ್ರಾನ್ ವೇಗಕ್ಕಾಗಿ ಆ ಕರೆಯನ್ನು ನೇರ ಜಿಗಿತವಾಗಿ ಬದಲಿಸಿ, ತನಗೆ ಬಂದ ಆರ್ಗ್ಯುಮೆಂಟ್‌ಗಳ ಸ್ಟ್ಯಾಕ್ ಜಾಗವನ್ನೇ ಮರುಬಳಸಿತು. ಒಂಬತ್ತನೆಯದಕ್ಕೆ ಜಾಗವಿದೆಯೆಂದು ನಂಬಿ ಅಲ್ಲಿ 1 ಬರೆಯಿತು. ಕರೆದ ಪ್ರೋಗ್ರಾಂ ಆ ಜಾಗ ಬಿಟ್ಟಿರಲೇ ಇಲ್ಲ. ಅಳಿಸಿಹೋದದ್ದು ಅದರದೇ ದತ್ತಾಂಶ.

ಆರ್ ಬಳಗ ಇದನ್ನು ಪತ್ತೆಹಚ್ಚಿ ಬರೆದಿಟ್ಟಿತು. ತಪ್ಪು ಯಾರದೆಂಬ ವಾದ ಎದ್ದಿತು. ಕಟ್ಟಳೆ ಮುರಿದದ್ದು ಸಿ ಕಡೆಯವರೆಂಬುದು ನಿಜ. ಆದರೆ ಮಾನಕದಲ್ಲೇ ಇಲ್ಲದ, ಕಣ್ಣಿಗೂ ಕಾಣದ ಕಟ್ಟಳೆಯದು ಎಂಬುದನ್ನೂ ಇದರೊಡನೆ ಹೇಳಲೇಬೇಕು. ಜಿಫೋರ್ಟ್ರಾನ್ ಸೇರಿದ ಕಂಪೈಲರ್ ಸಮೂಹವಾದ ಜಿಸಿಸಿಯ 9.1ರಲ್ಲಿ ಅಂಥ ಜಿಗಿತವನ್ನು ತಡೆಯುವ ಆಯ್ಕೆ ಬಂತು. ಆರ್ ಸಹ ಉದ್ದವನ್ನು ಕಳಿಸುವಂತೆ ತನ್ನ ಕರೆಗಳನ್ನು ತಿದ್ದಿಕೊಂಡಿತು.

ಸಿ ಜೊತೆಗಿನ ಬೆಸುಗೆಗೆ ಫೋರ್ಟ್ರಾನ್ 2003 ಅಧಿಕೃತ ದಾರಿ ಕೊಟ್ಟಿದ್ದರೂ ಲ್ಯಾಪ್ಯಾಕ್‌ನಂಥ ಹಳೆಯ ಕೋಡ್ ಆ ದಾರಿ ಹಿಡಿಯಲಿಲ್ಲ. 2023ರ ಪೈಥಾನ್ 3.12ರಲ್ಲಿ ಡಿಸ್ಟ್‌ಯುಟಿಲ್ಸ್ ಮಾಡ್ಯೂಲ್ ತೆಗೆದುಹಾಕಿದ ಮೇಲೆ ಕಂಪೈಲ್ ಕೆಲಸಕ್ಕೆ ಅದನ್ನು ನೆಚ್ಚಿದ್ದ ಎಫ್2ಪೈ, ಮೆಸಾನ್ ಎಂಬ ಬಿಲ್ಡ್ ಉಪಕರಣದ ಆಸರೆ ಪಡೆಯಿತು. ಪೈಥಾನ್‌ನ ವೈಜ್ಞಾನಿಕ ಲೈಬ್ರರಿ ಸೈಪೈ ತನ್ನಲ್ಲಿನ ಹಳೆಯ ಫೋರ್ಟ್ರಾನ್ 77 ಭಾಗಗಳನ್ನು ಸಿ ಮತ್ತು ಸಿ++ಗೆ ಮರಳಿ ಬರೆಯತೊಡಗಿದೆ. ಲ್ಯಾಪ್ಯಾಕ್ ಅನ್ನು ಮಾತ್ರ ಅದು ಈಗಲೂ ಕರೆಯುತ್ತಿದೆ.