ಯಂತ್ರದೃಷ್ಟಿಯಲ್ಲಿ ಚಿತ್ರವಿಭಜನೆಯ ಸಮಸ್ಯೆ

ಮೇಜು ಗೋಡೆಯಿಂದ ಬೇರೆಯೆಂಬುದನ್ನು ನಾವು ಯೋಚಿಸಿ ತಿಳಿಯುವುದಿಲ್ಲ. ಕಣ್ಣು ತೆರೆದೊಡನೆ ಅವು ಬೇರೆಯಾಗಿಯೇ ಕಾಣುತ್ತವೆ. ರೋಬಾಟಿನ ಕ್ಯಾಮೆರಾ ಒದಗಿಸುವುದಾದರೋ ಬೆಳಕಿನ ಪ್ರಮಾಣವನ್ನು ಸೂಚಿಸುವ ಅಂಕೆಗಳನ್ನು ಮಾತ್ರ. ಆ ಅಂಕೆಗಳಲ್ಲಿ ಒಂದು ವಸ್ತು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಆರಂಭವಾಗುತ್ತದೆಂದು ನಿರ್ಣಯಿಸುವುದೇ ಚಿತ್ರವಿಭಜನೆ. ಗುರುತಿಸಲು ನೆರವಾಗುವ ಅಂಚು, ಮೂಲೆ ಮೊದಲಾದವನ್ನು ಆರಿಸಿಕೊಳ್ಳುವುದು ಲಕ್ಷಣಗ್ರಹಣ. ಮೊದಲು ವಿಭಜನೆ, ಅನಂತರ ಗುರುತು ಎಂಬ ಕ್ರಮ ಆರಂಭದ ಸಂಶೋಧಕರಿಗೆ ಸಹಜವೆನಿಸಿತ್ತು. ಆ ಕ್ರಮ ಹೇಗೆ ಸಡಿಲವಾಯಿತೆಂಬುದನ್ನು ಇಲ್ಲಿ ಪರಿಶೀಲಿಸುತ್ತೇವೆ.

ಅಮೆರಿಕದ ಎಂ.ಐ.ಟಿ. ಸಂಸ್ಥೆಯಲ್ಲಿ ಲ್ಯಾರಿ ರಾಬರ್ಟ್ಸ್ 1963ರಲ್ಲಿ ಬರೆದ ಪ್ರಬಂಧವು, ಛಾಯಾಚಿತ್ರದಲ್ಲಿ ಬೆಳಕು ಥಟ್ಟನೆ ಬದಲಾಗುವ ಸ್ಥಳಗಳನ್ನು ಹುಡುಕಿ, ರೇಖೆಗಳಾಗಿ ಕೂಡಿಸಿ, ಘನಾಕೃತಿಗಳನ್ನು ಗುರುತಿಸುವ ವಿಧಾನವನ್ನು ತೋರಿಸಿತು. ಅಲ್ಲಿಯೇ 1966ರ ಜುಲೈಯಲ್ಲಿ ಸೆಮೋರ್ ಪ್ಯಾಪರ್ಟ್ ಬೇಸಗೆಯ ಕಾರ್ಯಯೋಜನೆಯೊಂದನ್ನು ರೂಪಿಸಿದರು. ಚಿತ್ರವನ್ನು ವಸ್ತು, ಹಿನ್ನೆಲೆ, ಗೊಂದಲ ಎಂದು ವಿಂಗಡಿಸುವುದು ಅದರ ಮುಖ್ಯ ಗುರಿ. ಒಂದು ಬೇಸಗೆಗೆಂದು ಹೂಡಿದ ಕೆಲಸ ದಶಕಗಳನ್ನೇ ಬೇಡಿತು.

ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ 1966ರಿಂದ 1972ರವರೆಗೆ ಶೇಕಿ ಎಂಬ ಚಲಿಸುವ ರೋಬಾಟನ್ನು ಬೆಳೆಸಿದರು. ಅಲ್ಲಿಯ ಬ್ರೈಸ್ ಮತ್ತು ಫೆನ್ನೆಮಾ 1970ರಲ್ಲಿ ಅಂಚುಗಳಿಗೆ ಬದಲಾಗಿ ಪ್ರದೇಶಗಳಿಂದ ಹೊರಟರು: ನೆರೆಯ ಎರಡು ಪ್ರದೇಶಗಳ ನಡುವಣ ಎಲ್ಲೆ ದುರ್ಬಲವಾಗಿದ್ದರೆ ಅವನ್ನು ಒಂದುಗೂಡಿಸುವುದು ಅವರ ಮಾರ್ಗ. ಶೇಕಿಯ ಕೋಣೆಯಲ್ಲಿದ್ದುದು ಸರಳವಾದ ಗೋಡೆಗಳು, ಪೆಟ್ಟಿಗೆಯಾಕಾರದ ವಸ್ತುಗಳು. ಹೊರಗಣ ಜಗತ್ತಾದರೋ ಹಾಗಿಲ್ಲ. ನೆರಳಿಗೆ ಅಂಚುಂಟು, ವಸ್ತುವಿಲ್ಲ. ಬಿಳಿಯ ಗೋಡೆಯ ಮುಂದಣ ಬಿಳಿಯ ಬಟ್ಟಲಿಗೆ ವಸ್ತುತ್ವವುಂಟು, ಅಂಚು ಸ್ಪಷ್ಟವಿಲ್ಲ.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಹಾನ್ಸ್ ಮೊರಾವೆಕ್ ವಿಭಜನೆಯನ್ನೇ ಕೈಬಿಟ್ಟರು. ಅವರ ಬಂಡಿ ನಿಂತಲ್ಲೆಲ್ಲ ಒಂಬತ್ತು ಚಿತ್ರಗಳನ್ನು ತೆಗೆದು, ಸುತ್ತಲಿನಿಂದ ಎದ್ದುಕಾಣುವ ಕೆಲವೇ ಬಿಂದುಗಳನ್ನು ಆರಿಸಿ, ಅವುಗಳ ದೂರವನ್ನು ಲೆಕ್ಕಹಾಕುತ್ತಿತ್ತು. 1979ರಲ್ಲಿ ಅದು ಕುರ್ಚಿಗಳಿಂದ ತುಂಬಿದ ಕೋಣೆಯನ್ನು ಸುಮಾರು 5 ಗಂಟೆಗಳಲ್ಲಿ ದಾಟಿತು. ಕುರ್ಚಿ ಯಾವುದೆಂದು ಅರಿಯದೆಯೇ ದಾಟಿತೆಂಬುದು ಗಮನಾರ್ಹ.

2015ರಲ್ಲಿ ಲಾಂಗ್, ಶೆಲ್‌ಹ್ಯಾಮರ್ ಮತ್ತು ಡ್ಯಾರೆಲ್ ಚಿತ್ರದ ಪ್ರತಿ ಬಿಂದುವಿಗೂ ವಸ್ತುವರ್ಗದ ಹೆಸರನ್ನು ನೀಡುವ ನರಜಾಲವನ್ನು ಪ್ರಕಟಿಸಿದರು. ಇಲ್ಲಿ ವಿಭಜನೆಯೂ ಗುರುತೂ ಒಂದೇ ಕ್ರಿಯೆ. ಲಕ್ಷಣಗಳನ್ನು ಸಂಶೋಧಕರು ವಿಧಿಸಲಿಲ್ಲ. ಮನುಷ್ಯರು ಎಲ್ಲೆ ಗುರುತಿಸಿ ಹೆಸರಿಟ್ಟ ಚಿತ್ರಗಳಿಂದ ಯಂತ್ರವೇ ಅವನ್ನು ಕಲಿಯಿತು.

ಆದುದರಿಂದ ವಸ್ತುವಿನ ಎಲ್ಲೆ ಬೆಳಕಿನಲ್ಲಿ ಮಾತ್ರವಲ್ಲ, ನೋಡುವವನ ತಿಳಿವಿನಲ್ಲಿಯೂ ಇದೆಯೆಂದು ಈ ಇತಿಹಾಸದಿಂದ ಹೇಳಬಹುದು. ಇಂಥ ಯಂತ್ರದ ನೋಟವನ್ನು ಪರೀಕ್ಷಿಸುವಾಗ, ಅದಕ್ಕೆ ಎಲ್ಲೆಗಳನ್ನು ಕಲಿಸಿದವರು ಯಾವುದನ್ನು ಗುರುತಿಸಿದರು, ಯಾವುದನ್ನು ಬಿಟ್ಟರು ಎಂಬುದನ್ನೂ ನಾವು ಕೇಳಬೇಕಾಗುತ್ತದೆ.