ವಿಮಾನವಾಹಕ ನೌಕೆಯು ವಿಮಾನನಿಲ್ದಾಣವೆ? – ಒಂದು ಲಕ್ಷಣವಿಚಾರ

ಶಬ್ದಗಳ ಲಕ್ಷಣವನ್ನು ನಿರ್ಣಯಿಸುವುದು ಕೇವಲ ಪಂಡಿತರ ವಿನೋದವೆಂದು ಕೆಲವರು ಭಾವಿಸುವುದುಂಟು. ಆದರೆ ರಾಷ್ಟ್ರಗಳ ಒಡಂಬಡಿಕೆಗಳಲ್ಲಿ ಲಕ್ಷಣವಾಕ್ಯದ ಒಂದು ಪದವು ಒಂದು ಕರಾವಳಿಯ ಸ್ವಾತಂತ್ರ್ಯಕ್ಕೆ ಆಧಾರವಾಗಬಲ್ಲುದು. ವಿಮಾನಗಳು ಏರಿ ಇಳಿಯುವ ಹಡಗನ್ನು ವಾಯುಪ್ರದೇಶದ ನಿಯಮಗಳ ದೃಷ್ಟಿಯಿಂದ ವಿಮಾನನಿಲ್ದಾಣವೆಂದು ಎಣಿಸಬಹುದೆ ಎಂಬುದೇ ಇಲ್ಲಿ ವಿಚಾರಿಸತಕ್ಕ ವಿಷಯವು.

ಮೊದಲು ಇತಿಹಾಸವನ್ನು ನೋಡೋಣ. 1910ನೆಯ ನವೆಂಬರ್ 14ರಂದು ಅಮೆರಿಕಾದ ಯೂಜೀನ್ ಈಲಿ ಎಂಬವನು ಬರ್ಮಿಂಗ್‌ಹ್ಯಾಮ್ ಎಂಬ ಯುದ್ಧನೌಕೆಯ ಮೇಲಿಂದ ಹಾರಿದನು. 1911ನೆಯ ಜನವರಿ 18ರಂದು ಅವನೇ ಸಾನ್ ಫ್ರಾನ್ಸಿಸ್ಕೋ ಕೊಲ್ಲಿಯಲ್ಲಿ ಲಂಗರು ಹಾಕಿ ನಿಂತಿದ್ದ ಪೆನ್ಸಿಲ್ವೇನಿಯಾ ನೌಕೆಯ ಮೇಲೆ ಇಳಿದನು. ಚಲಿಸುತ್ತಿರುವ ನೌಕೆಯ ಮೇಲೆ ಮೊದಲು ಇಳಿದವನು ಬ್ರಿಟಿಷ್ ನೌಕಾದಳದ ಡನ್ನಿಂಗ್. ಇದು 1917ನೆಯ ಆಗಸ್ಟ್ 2ರಂದು, ಫ್ಯೂರಿಯಸ್ ನೌಕೆಯಲ್ಲಿ ನಡೆಯಿತು. ಅದೇ ತಿಂಗಳ 7ರಂದು ಮತ್ತೆ ಇಳಿಯಲೆತ್ನಿಸಿ ಅವನು ಪ್ರಾಣವನ್ನೇ ತೆತ್ತನು. ನೌಕೆಯು ಗಾಳಿಗೆ ಎದುರಾಗಿ ವೇಗದಿಂದ ಸಾಗುತ್ತಿದ್ದುದರಿಂದಲೇ ಆ ಮೊದಲಿನ ಅವತರಣವು ಸಾಧ್ಯವಾಯಿತೆಂಬುದನ್ನು ವಾಚಕರು ನೆನಪಿನಲ್ಲಿಡತಕ್ಕದ್ದು. 1922ರ ವಾಷಿಂಗ್ಟನ್ ನೌಕಾ ಒಡಂಬಡಿಕೆಯು ಇಂತಹ ನೌಕೆಗೆ ಲಕ್ಷಣವನ್ನು ಹೇಳಿ, ಬ್ರಿಟನ್ನಿಗೂ ಅಮೆರಿಕಾಕ್ಕೂ ತಲಾ 1,35,000 ಟನ್‌ಗಳ ಮಿತಿಯನ್ನು ವಿಧಿಸಿತು. ಅಲ್ಲಿ ಅದನ್ನು ಯುದ್ಧನೌಕೆಯೆಂದೇ ಎಣಿಸಲಾಯಿತು.

ಈಗ ಪೂರ್ವಪಕ್ಷ. ವಿಮಾನಗಳು ಏರುವುದು, ಇಳಿಯುವುದು, ತಂಗುವುದು, ಇಂಧನ ತುಂಬಿಕೊಳ್ಳುವುದು, ಇವೆಲ್ಲವೂ ಅಲ್ಲಿ ಉಂಟು. ಅಷ್ಟೇ ಅಲ್ಲ, ಅಮೆರಿಕಾದ ನೌಕಾದಳದ ನಿಯಮದಲ್ಲಿ ನೌಕೆಯ ಸುತ್ತ 5 ಮೈಲಿ ತ್ರಿಜ್ಯದ, 2,500 ಅಡಿ ಎತ್ತರದ ನಿಯಂತ್ರಣವಲಯವೂ ಹೇಳಲ್ಪಟ್ಟಿದೆ. ಕಾರ್ಯವು ಒಂದೇ ಆದಮೇಲೆ ಹೆಸರು ಮಾತ್ರ ಬೇರೆ ಏತಕ್ಕೆ?

ಇದಕ್ಕೆ ಸಮಾಧಾನವು ಹೀಗೆ. ಆ ವಲಯವು ನೌಕಾದಳವು ತನ್ನ ವೈಮಾನಿಕರಿಗೆ ವಿಧಿಸಿಕೊಂಡ ಶಿಸ್ತೇ ಹೊರತು ಅನ್ಯರಾಷ್ಟ್ರಗಳ ವಿಮಾನಗಳ ಮೇಲಣ ಅಧಿಕಾರವಲ್ಲ. ಭಾರತದ 1934ರ ವಿಮಾನ ಅಧಿನಿಯಮವು ನಿಲ್ದಾಣವೆಂದರೆ ನಿರ್ದಿಷ್ಟವಾದ ನೆಲದ ಅಥವಾ ನೀರಿನ ಪ್ರದೇಶವೆಂದು ಹೇಳಿ, ಅದಕ್ಕೆ ಸೇರಿದ ಕಟ್ಟಡಗಳೊಡನೆ ನೌಕೆಗಳನ್ನೂ ಎಣಿಸಿತ್ತು. (2025ನೆಯ ಜನವರಿ 1ರಿಂದ ಅದರ ಸ್ಥಾನಕ್ಕೆ ಭಾರತೀಯ ವಾಯುಯಾನ ಅಧಿನಿಯಮವು ಬಂದಿದೆ.) ನೌಕೆ ಎಂಬ ಪದವಿದೆಯೆಂದು ಪೂರ್ವಪಕ್ಷಿಯು ಹಿಗ್ಗಬೇಕಾಗಿಲ್ಲ, ಅಲ್ಲಿ ಪ್ರದೇಶವು ಅಂಗಿ, ನೌಕೆಯು ಅಂಗ. ಅಂಗವೇ ಅಂಗಿಯಾಗಲಾರದು. ಚಿಕಾಗೋ ಒಡಂಬಡಿಕೆಯ 14ನೆಯ ಅನುಬಂಧವೂ ನಿಲ್ದಾಣಕ್ಕೆ ಒಂದು ಆಧಾರಬಿಂದುವನ್ನು ಗೊತ್ತುಮಾಡಬೇಕೆಂದೂ, ಅದು ಸಾಮಾನ್ಯವಾಗಿ ಮೊದಲು ಸ್ಥಾಪಿಸಿದ ಸ್ಥಳದಲ್ಲಿಯೇ ಉಳಿಯಬೇಕೆಂದೂ ವಿಧಿಸುತ್ತದೆ. ನಮ್ಮ ಕನ್ನಡ ಶಬ್ದವು ಇದನ್ನೇ ಸಾರುತ್ತದೆ: ನಿಲ್ಲುವ ತಾಣವೇ ನಿಲ್ದಾಣ. ವಿಮಾನವಾಹಕವಾದರೋ ಚಲಿಸುವುದರಿಂದಲೇ ತನ್ನ ಕಾರ್ಯವನ್ನು ಸಾಧಿಸತಕ್ಕದ್ದು. ಆದಕಾರಣ ಅದನ್ನು ನಿಲ್ದಾಣವೆಂದರೆ ಲಕ್ಷಣಕ್ಕೆ ಅತಿವ್ಯಾಪ್ತಿದೋಷವು ಬರುವುದು.

ಈ ದೋಷವು ಕೇವಲ ತರ್ಕಶಾಸ್ತ್ರದ್ದಲ್ಲ. 1919ರ ಪ್ಯಾರಿಸ್ ಒಡಂಬಡಿಕೆಯೂ 1944ರ ಚಿಕಾಗೋ ಒಡಂಬಡಿಕೆಯೂ ಆಕಾಶದ ಮೇಲಣ ಪ್ರಭುತ್ವವನ್ನು ಕೆಳಗಿನ ಭೂಮಿಗೆ ಕಟ್ಟಿಹಾಕಿವೆ. ಅದನ್ನು ಹಡಗಿಗೆ ಕಟ್ಟಿದರೆ ಪ್ರಬಲ ರಾಷ್ಟ್ರವು ತನ್ನ ಆಕಾಶದ ತುಂಡೊಂದನ್ನು ಹೊತ್ತು ದುರ್ಬಲರ ಬಾಗಿಲಿಗೆ ಬಂದು ನಿಲ್ಲಬಹುದು. 1982ರ ಸಮುದ್ರಶಾಸನವು ಇದಕ್ಕೆ ಎಡೆಗೊಡದು. ಅನ್ಯರಾಷ್ಟ್ರದ ಪ್ರಾದೇಶಿಕ ಸಮುದ್ರದಲ್ಲಿ ಹಾದುಹೋಗುವ ನೌಕೆಯು ವಿಮಾನವನ್ನು ಹಾರಿಸಿದರೂ ಇಳಿಸಿಕೊಂಡರೂ ಅದರ ಗಮನವು ನಿರುಪದ್ರವವೆನಿಸುವುದಿಲ್ಲ. ತುರ್ಕಿಯ ಜಲಸಂಧಿಗಳನ್ನು ಕುರಿತ 1936ರ ಮಾಂಟ್ರೂ ಒಡಂಬಡಿಕೆಯೂ ದಾಟುವ ಯುದ್ಧನೌಕೆಗಳು ತಮ್ಮ ವಿಮಾನಗಳನ್ನು ಬಳಸಕೂಡದೆಂದು ನಿಷೇಧಿಸಿದೆ. ಹಾರುವಟ್ಟವಿದ್ದ ಮಾತ್ರಕ್ಕೆ ನೌಕೆಯು ವಿಮಾನವಾಹಕವೂ ಆಗದೆಂದು ಅದರ ಮತ. ಈ ಲಕ್ಷಣದ ಬಲದಿಂದ 1976ರಲ್ಲಿ ಸೋವಿಯತ್ತಿನ ಕೀವ್ ನೌಕೆಯು ಕ್ರೂಸರೆಂಬ ಹೆಸರಿನಲ್ಲಿ ಅಲ್ಲಿ ಹಾದುಹೋಯಿತು. ಹಾರುವಟ್ಟದಿಂದ ವಾಹಕತ್ವವೇ ಸಿದ್ಧಿಸದಿರುವಾಗ ನಿಲ್ದಾಣತ್ವವು ಹೇಗೆ ಸಿದ್ಧಿಸೀತು?

ಕೀವ್ ನೌಕೆಯ ವರ್ಗಕ್ಕೆ ಸೇರಿ, ಕಪ್ಪು ಸಮುದ್ರಕ್ಕೆ ಸಮೀಪದ ನಿಕೊಲಾಯೆವ್‌ನಲ್ಲಿ ನಿರ್ಮಿತವಾದ ಬಾಕು ಎಂಬ ನೌಕೆಯು ರೂಪಾಂತರವನ್ನು ಹೊಂದಿ, 2013ನೆಯ ನವೆಂಬರ್ 16ರಂದು ವಿಕ್ರಮಾದಿತ್ಯವೆಂಬ ಹೆಸರಿನಿಂದ ಭಾರತದ ನೌಕಾದಳವನ್ನು ಸೇರಿತು. ನಮ್ಮ ಕಾರವಾರವೇ ಅದರ ನೆಲೆ. ಅದು ಕಾರವಾರದಲ್ಲಿ ತಂಗಿರುವಾಗ ಮೇಲಣ ಆಕಾಶವು ಭಾರತದ್ದು ನಿಜ. ಆದರೆ ಅದಕ್ಕೆ ಕಾರಣವು ಆ ನೆಲವೂ ಅದರ 12 ನಾವಿಕ ಮೈಲಿಗಳ ಸಮುದ್ರವೂ ಹೊರತು ನೌಕೆಯಲ್ಲ. ನೌಕೆಯು ಹೊರಟಾಗ ಆಕಾಶವು ಅದರೊಡನೆ ಹೊರಡುವುದಿಲ್ಲ. ಆದುದರಿಂದ ವಿಮಾನವಾಹಕವು ಕಾರ್ಯದಿಂದ ನಿಲ್ದಾಣಸದೃಶವು, ಲಕ್ಷಣದಿಂದ ನೌಕೆಯೇ ಎಂದು ಸಿದ್ಧವಾಯಿತು.