ಎಂಟು ವರ್ಷದ ಮೆಟ್ಟಿಲು: ಗಾರ್‌ಫೀಲ್ಡ್ ಹೈಸ್ಕೂಲಿನ ಗಣಿತದ ಕಥೆ

ಇವತ್ತು ಒಂದು ಹಳೇ ವಾದದ ಬಗ್ಗೆ ಮಾತಾಡೋಣ. ಹೈಸ್ಕೂಲಲ್ಲಿ ಪಾಠ ಕಷ್ಟ ಮಾಡಿದ್ರೆ ಮಕ್ಕಳು ಬಿಟ್ಟು ಹೋಗ್ತಾರೆ, ಸುಲಭ ಮಾಡಿದ್ರೆ ಏನೂ ಕಲಿಯಲ್ಲ ಅಂತಾರಲ್ಲ, ಆ ವಾದ. ಇದು ಬಂದಾಗೆಲ್ಲ ನನಗೆ ನೆನಪಾಗೋದು ಅಮೆರಿಕದ ಪೂರ್ವ ಲಾಸ್ ಏಂಜಲೀಸ್‌ನ ಗಾರ್‌ಫೀಲ್ಡ್ ಹೈಸ್ಕೂಲು, ಅಲ್ಲಿನ ಗಣಿತದ ಮೇಷ್ಟ್ರು ಹೈಮೆ ಎಸ್ಕಲಾಂಟೆ.

ಎಸ್ಕಲಾಂಟೆ ಹುಟ್ಟಿದ್ದು 1930ರಲ್ಲಿ, ಬೊಲಿವಿಯಾದ ಲಾ ಪಾಜ್‌ನಲ್ಲಿ. ಅಲ್ಲಿ ಗಣಿತ, ಭೌತಶಾಸ್ತ್ರ ಹೇಳಿಕೊಡ್ತಿದ್ದವರು. 1960ರ ದಶಕದಲ್ಲಿ ಅಮೆರಿಕಕ್ಕೆ ಬಂದರು. ಇಂಗ್ಲಿಷ್ ಬರ್ತಿರಲಿಲ್ಲ. ಹೋಟೆಲಲ್ಲಿ ನೆಲ ಒರೆಸಿದರು, ಆಮೇಲೆ ಎಲೆಕ್ಟ್ರಾನಿಕ್ಸ್ ಕಂಪನಿಯಲ್ಲಿ ದುಡಿದರು, ಜೊತೆಗೇ ಮತ್ತೆ ಕಾಲೇಜು ಸೇರಿ ಓದಿದರು. 1974ರಲ್ಲಿ ಗಾರ್‌ಫೀಲ್ಡ್‌ಗೆ ಮೇಷ್ಟ್ರಾಗಿ ಬಂದರು. ಅಲ್ಲಿನ ಬಹುಪಾಲು ಮಕ್ಕಳು ಮೆಕ್ಸಿಕೋ ಮೂಲದ ಬಡ ಕುಟುಂಬಗಳವರು. ಶಾಲೆಯ ಮಾನ್ಯತೆಯೇ ಹೋಗುವ ಸ್ಥಿತಿ ಇತ್ತು. ಈ ಮಕ್ಕಳಿಗೆ ಲೆಕ್ಕಾಚಾರದ ಗಣಿತ ಸಾಕು, ಬೀಜಗಣಿತ ಯಾಕೆ ಅನ್ನೋ ಮನೋಭಾವ ಆಗ ಸಾಮಾನ್ಯವಾಗಿತ್ತು.

ಎಸ್ಕಲಾಂಟೆ ಗುರಿ ಇಟ್ಟಿದ್ದು ಎಪಿ ಕ್ಯಾಲ್ಕುಲಸ್ ಮೇಲೆ. ಎಪಿ ಅಂದ್ರೆ ಹೈಸ್ಕೂಲಲ್ಲಿ ಇದ್ದುಕೊಂಡೇ ಕಾಲೇಜು ಮಟ್ಟದ ಪಠ್ಯ ಓದಿ ಬರೆಯುವ ಪರೀಕ್ಷೆ. ಪ್ರಶ್ನೆಪತ್ರಿಕೆ ಹೊರಗಿಂದ ಬರುತ್ತೆ. ಶಾಲೆಯವರು ಕರುಣೆ ತೋರಿಸಿ ಪಾಸ್ ಮಾಡೋಕೆ ಆಗಲ್ಲ. ಮೊದಲ ತಂಡ ಪರೀಕ್ಷೆ ಬರೆದದ್ದು 1979ರಲ್ಲಿ. 14 ಜನರಿಂದ ಶುರುವಾದ ಕ್ಲಾಸಲ್ಲಿ ಕೊನೆಗೆ ಉಳಿದವರು 5 ಜನ. ಮರುವರ್ಷ 9, ಅದರ ಮುಂದಿನ ವರ್ಷ 15. 1982ರಲ್ಲಿ 18 ಜನ ಬರೆದರು, 18 ಜನವೂ ಪಾಸಾದರು.

ಆಗ ಬಂತು ಅನುಮಾನ. ಕೆಲವರ ಉತ್ತರಗಳಲ್ಲಿ ಒಂದೇ ಥರದ ತಪ್ಪು ಇದೆ ಅಂತ ಪರೀಕ್ಷಾ ಸಂಸ್ಥೆ 14 ಮಕ್ಕಳನ್ನು ಪ್ರಶ್ನಿಸಿತು. ಮತ್ತೆ ಬರೆಯಿರಿ ಅಂದರು. 12 ಜನ ಆಗಸ್ಟ್ ಕೊನೆಯಲ್ಲಿ, ತೀರ ಕಡಿಮೆ ತಯಾರಿಯಲ್ಲಿ ಮತ್ತೆ ಬರೆದರು. ಎಲ್ಲರೂ ಪಾಸ್. 1988ರಲ್ಲಿ ಬಂದ 'ಸ್ಟ್ಯಾಂಡ್ ಅಂಡ್ ಡೆಲಿವರ್' ಸಿನಿಮಾ ಇದೇ ಕಥೆ.

ಸಿನಿಮಾ ನೋಡಿದವರಿಗೆ ಒಬ್ಬ ಮೇಷ್ಟ್ರು ಬಂದು ಗದರಿಸಿ, ನಗಿಸಿ, ಹುರಿದುಂಬಿಸಿ ಬೇಗನೆ ಎಲ್ಲ ಬದಲಾಯಿಸಿಬಿಟ್ಟರು ಅನ್ನಿಸುತ್ತೆ. ನನಗೆ ಮುಖ್ಯ ಅನ್ನಿಸೋದು ಸಿನಿಮಾ ಬಿಟ್ಟ ಭಾಗ. 1974ರಿಂದ 1982ಕ್ಕೆ ಎಂಟು ವರ್ಷ. ಭಿನ್ನರಾಶಿಯೇ ಬರದ ಹುಡುಗನಿಗೆ ಒಂದು ವರ್ಷದಲ್ಲಿ ಕ್ಯಾಲ್ಕುಲಸ್ ಬರಲ್ಲ. ಅದಕ್ಕೇ ಅವರು ಕೆಳಗಿನಿಂದ ಮೆಟ್ಟಿಲು ಕಟ್ಟಿದರು. ಬೀಜಗಣಿತ, ರೇಖಾಗಣಿತ, ತ್ರಿಕೋನಮಿತಿ ಒಂದರ ಮೇಲೊಂದು. ಪಕ್ಕದ ಈಸ್ಟ್ ಲಾಸ್ ಏಂಜಲೀಸ್ ಕಾಲೇಜಲ್ಲಿ ಬೇಸಿಗೆ ತರಗತಿ. ಕೆಳಗಿನ ತರಗತಿಗಳನ್ನು ಚೆನ್ನಾಗಿ ನಡೆಸೋಕೆ ಬೆನ್ ಹಿಮೆನೆಸ್ ಥರದ ಸಹೋದ್ಯೋಗಿಗಳು. ಬೆಳಿಗ್ಗೆ ಶಾಲೆಗೆ ಮುಂಚೆ, ಸಂಜೆ ಶಾಲೆ ಮುಗಿದ ಮೇಲೆ ಪಾಠ. ಬೇಗ ಬಂದು ತಡವಾಗಿ ಹೋಗ್ತೀರಿ ಅಂತ ಆಡಳಿತದವರು ಮೊದಮೊದಲು ಅವರನ್ನೇ ತರಾಟೆಗೆ ತಗೊಂಡಿದ್ದರು!

ಆಮೇಲೆ ಪ್ರಿನ್ಸಿಪಾಲ್ ಆಗಿ ಬಂದವರು ಹೆನ್ರಿ ಗ್ರಾಡಿಯಾಸ್. ಅವರು ಬೆಂಬಲಕ್ಕೆ ನಿಂತರು. ಸುಲಭದ ಕೋರ್ಸುಗಳನ್ನು ಕಡಿಮೆ ಮಾಡಿದರು. ಬೇಸಿಕ್ ಗಣಿತ ತಗೊಂಡವರು ಜೊತೆಗೇ ಬೀಜಗಣಿತವನ್ನೂ ಓದಲೇಬೇಕು ಅಂತ ಮಾಡಿದರು. ಕನಿಷ್ಠ ಗ್ರೇಡ್ ಇಲ್ಲದವರಿಗೆ ಆಟ ಮತ್ತಿತರ ಚಟುವಟಿಕೆ ಇಲ್ಲ.

ಇನ್ನು ಉತ್ಸಾಹದ ಮಾತು. ಎಸ್ಕಲಾಂಟೆ ಮಕ್ಕಳಿಂದ ಕೇಳ್ತಿದ್ದದ್ದು 'ಗಾನಸ್'. ಸ್ಪ್ಯಾನಿಷ್‌ನಲ್ಲಿ ಅದಕ್ಕೆ ಹಂಬಲ, ಛಲ ಅನ್ನೋ ಅರ್ಥ. ಅದು ಇದ್ರೆ ಸಾಕು, ಬನ್ನಿ ಅನ್ನೋರು. ಆದರೆ ಆ ಛಲವನ್ನು ಬರೀ ಭಾಷಣದಿಂದ ಬೆಳೆಸಲಿಲ್ಲ. ಕ್ಲಾಸಲ್ಲಿ ಎಲ್ಲರೂ ಒಂದು ತಂಡ, ಎದುರಾಳಿ ಆ ಪರೀಕ್ಷೆ, ಮೇಷ್ಟ್ರು ಕೋಚ್. ಹೋದ ವರ್ಷ ತನ್ನದೇ ಬೀದಿಯ ಅಕ್ಕ ಪಾಸಾಗಿದ್ದಾಳೆ ಅಂದ್ರೆ ಈ ವರ್ಷದ ಹುಡುಗನಿಗೂ ಅದು ಆಗೋ ಕೆಲಸ ಅನ್ನಿಸುತ್ತೆ. ನಾನು ಓದಿಕೊಂಡ ಹಾಗೆ, ಕಷ್ಟದ ಪಾಠ ದಕ್ಕಿತು ಅನ್ನೋ ಅನುಭವದಿಂದಲೇ ಅವರ ಹಂಬಲ ಬೆಳೆಯಿತು. 1987ರಲ್ಲಿ ಕ್ಯಾಲ್ಕುಲಸ್‌ನ ಮೊದಲ ಹಂತದ ಪರೀಕ್ಷೆಯಲ್ಲೇ 73 ಜನ ಪಾಸಾದರು.

ಆಮೇಲೆ ಏನಾಯ್ತು? ಗ್ರಾಡಿಯಾಸ್ ಓದಲು ರಜೆ ಮೇಲೆ ಹೋದವರು ಗಾರ್‌ಫೀಲ್ಡ್‌ಗೆ ವಾಪಸ್ ಬರಲಿಲ್ಲ. ಎಸ್ಕಲಾಂಟೆ ಕ್ಲಾಸುಗಳು 50 ಮಕ್ಕಳು ದಾಟಿದವು, ಶಿಕ್ಷಕರ ಸಂಘ ಆಕ್ಷೇಪ ಎತ್ತಿತು. ಒಬ್ಬರ ಕೈಲಿ ಅಷ್ಟು ಮಕ್ಕಳು ಬೇಡ ಅನ್ನೋ ಅವರ ಮಾತಲ್ಲೂ ನ್ಯಾಯ ಇತ್ತು. 1990ರಲ್ಲಿ ಎಸ್ಕಲಾಂಟೆ ಗಣಿತ ವಿಭಾಗದ ಮುಖ್ಯಸ್ಥ ಸ್ಥಾನ ಕಳಕೊಂಡರು, 1991ರಲ್ಲಿ ಶಾಲೆಯನ್ನೇ ಬಿಟ್ಟರು. ಕೆಲವೇ ವರ್ಷಗಳಲ್ಲಿ ಪಾಸಾಗುವವರ ಸಂಖ್ಯೆ ಭಾರಿ ಇಳಿಯಿತು. ಮಕ್ಕಳು ಅದೇ ಬೀದಿಗಳವರೇ. ಅವರ ಬುದ್ಧಿ ಕಡಿಮೆ ಆಗಿರಲಿಲ್ಲ, ಕೆಳಗಿನ ಮೆಟ್ಟಿಲುಗಳನ್ನು ಕಾಯೋರು ಕಡಿಮೆಯಾಗಿದ್ದರು.

ಎಸ್ಕಲಾಂಟೆ 2010ರಲ್ಲಿ ತೀರಿಕೊಂಡರು. 2016ರಲ್ಲಿ ಅಮೆರಿಕ ಅವರ ಅಂಚೆಚೀಟಿ ತಂದಿತು. ಮೇಷ್ಟ್ರಿಗೆ ಗೌರವ ಕೊಡೋದು ಸುಲಭ. ಕಷ್ಟದ ಪಾಠ ಬೇಕು ಅಂತ ಯಾರಾದರೂ ಹೇಳಿದಾಗ, ಅದಕ್ಕೆ ಹತ್ತೋ ಮೆಟ್ಟಿಲು ಎಲ್ಲಿದೆ, ಅದನ್ನ ನೋಡಿಕೊಳ್ಳೋರು ಯಾರು ಅಂತ ನೀವು ಕೇಳಬೇಕು. ನಿಮ್ಮ ಹೈಸ್ಕೂಲಲ್ಲಿ ಅಂಥ ಮೆಟ್ಟಿಲು ಇತ್ತಾ? ಬರೆದು ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.